ಶಾಲೆ ಗೋಡೆಗೆ ಎಂಟು ಮುಖ ಬೇಕು. ನಮ್ಮ ಮೈಸೂರು, ಮಂಡ್ಯ ಕಡೆಯವರು ಯಾರ್‍ಯಾರು?

ಮೇಷ್ಟ್ರು_ನಾಲೆಬಯಲು · ಶನಿವಾರ ಸಂಜೆ 6:40

ಎಲ್ಲರಿಗೂ ನಮಸ್ಕಾರ. ಪಾಂಡವಪುರ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ ಮೇಷ್ಟ್ರು ನಾನು. ನಮ್ಮ ಕಾಂಪೌಂಡ್ ಗೋಡೆ ಈ ವರ್ಷ ಹೊಸದಾಗಿ ಎದ್ದಿದೆ. ಹಳೇ ವಿದ್ಯಾರ್ಥಿಗಳು ದುಡ್ಡು ಕೂಡಿಸಿದ್ದಾರೆ. ರಾಜ್ಯೋತ್ಸವದ ಹೊತ್ತಿಗೆ ಒಳಗಡೆ ಎಂಟು ಜನ ಸಾಧಕರ ಚಿತ್ರ ಬರೆಸಬೇಕು ಅಂತ ತೀರ್ಮಾನವಾಗಿದೆ. ಎಂಟೇ. ಒಂಬತ್ತನೆಯದಕ್ಕೆ ಗೋಡೆಯೂ ಇಲ್ಲ, ದುಡ್ಡೂ ಇಲ್ಲ.

ಹೆಸರು ಬರೆಯಲು ಕೂತಾಗ ಮೀಟಿಂಗಿನಲ್ಲಿ ಬಂದದ್ದು ಹೀಗೆ: ನಾಲ್ಕು ರಾಜಕಾರಣಿಗಳು, ಇಬ್ಬರು ಸಿನಿಮಾ ನಟರು, ಒಬ್ಬರು ಮಹಾರಾಜರು, ಕೊನೆಗೆ ವಿಶ್ವೇಶ್ವರಯ್ಯ. ನಾನು ಒಂದು ಮಾತು ಹೇಳಿದೆ. ಪ್ರತಿ ಚಿತ್ರದ ಕೆಳಗೆ ಎರಡು ಸಾಲು ಬರೆಯೋಣ, ಇವರು ಏನು ಮಾಡಿದರು ಅಂತ. ‘ಧೀಮಂತ ನಾಯಕ’, ‘ಮಹಾನ್ ಚೇತನ’ ಅನ್ನೋ ಪದ ಬಳಸೋ ಹಾಗಿಲ್ಲ. ಅಷ್ಟು ಹೇಳಿದ ಮೇಲೆ ಮೂರು ಹೆಸರು ತಾವಾಗಿಯೇ ಬಿದ್ದುಹೋದವು!

ಬೇರೆ ಬೇರೆ ಕೆಲಸ ಮಾಡಿದವರು ಬೇಕು. ಹೊಲ, ಹಾಡು, ಆಟ, ಲೆಕ್ಕ, ಕತೆ ಏನಾದರೂ ಸರಿ. ಹೆಸರು ಕೊಡಿ, ಆ ಎರಡು ಸಾಲೂ ಕೊಡಿ.

ಕಬ್ಬಿನಗದ್ದೆ · 6:52

ವಿಶ್ವೇಶ್ವರಯ್ಯ ಇಲ್ಲದೆ ಮಂಡ್ಯದಲ್ಲಿ ಗೋಡೆ ನಿಲ್ಲಲ್ಲ. ಮೊದಲ ಚೌಕ ಅವರದು. ಉಳಿದ ಏಳಕ್ಕೆ ಮಾತಾಡಿ.

ಒಂಟಿಕೊಪ್ಪಲಿನವ · 6:58

ಎರಡನೆಯದು ಕುವೆಂಪು. ನಮ್ಮ ರಸ್ತೆಯಲ್ಲೇ ಅವರ ಮನೆ ‘ಉದಯರವಿ’ ಇದೆ. ಚಿಕ್ಕವನಿದ್ದಾಗ ಅವರು ವಾಕಿಂಗ್ ಹೋಗೋದನ್ನ ನೋಡಿದ್ದೇನೆ. ಕೈ ಹಿಂದೆ ಕಟ್ಟಿಕೊಂಡು, ಯಾರನ್ನೂ ನೋಡದೆ.

ರೂಲ್ಸ್_ರಂಗ · 7:10

ಒಂದು ನಿಮಿಷ. ಇಲ್ಲಿ ಹುಟ್ಟಿದವರಾ, ಇಲ್ಲಿ ಬದುಕಿದವರಾ? ಮೊದಲು ಅದು ಇತ್ಯರ್ಥ ಆಗಲಿ. ವಿಶ್ವೇಶ್ವರಯ್ಯ ಮುದ್ದೇನಹಳ್ಳಿಯವರು. ಕುವೆಂಪು ಹುಟ್ಟಿದ್ದು ಹಿರೇಕೊಡಿಗೆಯಲ್ಲಿ, ಬೆಳೆದದ್ದು ಕುಪ್ಪಳಿಯಲ್ಲಿ. ಯಾದವಗಿರಿಯಲ್ಲಿ ಮನೆ ಕಟ್ಟಿಕೊಂಡ ಆರ್.ಕೆ. ನಾರಾಯಣ್ ಹುಟ್ಟಿದ್ದು ಮದರಾಸಿನಲ್ಲಿ. ಹುಟ್ಟಿದವರು ಮಾತ್ರ ಅಂತ ಹಟ ಹಿಡಿದರೆ ಈ ಮೂವರನ್ನೂ ಬಿಟ್ಟು, ಮೇಲುಕೋಟೆಯಲ್ಲಿ ಹುಟ್ಟಿದ ಜಯಲಲಿತಾ ಅವರ ಚಿತ್ರ ಬರೆಸಬೇಕಾಗುತ್ತೆ. ಕಾವೇರಿ ನಾಲೆ ಪಕ್ಕದ ಶಾಲೆ ಗೋಡೆ ಮೇಲೆ. ನೋಡಿ, ನಿಮ್ಮಿಷ್ಟ.

ಮದ್ದೂರ್_ಸ್ಟೇಷನ್ · 7:11

😂😂 ಬರೆಸಿ ಬರೆಸಿ. ಮಾರನೇ ದಿನ ಹೆದ್ದಾರಿ ಬಂದ್.

ಮೇಷ್ಟ್ರು_ನಾಲೆಬಯಲು · 7:25

ಹುಟ್ಟಿದ್ದು ಎಲ್ಲಾದರೂ ಇರಲಿ. ಕೆಲಸದ ಮುಖ್ಯ ಭಾಗ ಇಲ್ಲಿ ನಡೆದಿರಬೇಕು, ಇಲ್ಲವೇ ಇಲ್ಲಿಂದ ಹೋಗಿ ಮಾಡಿರಬೇಕು. ಬದುಕಿರುವ ರಾಜಕಾರಣಿಗಳು ಬೇಡ. ಅದು ಹೆಡ್ಮಾಸ್ಟರ್ ಹಾಕಿದ ರೂಲ್, ನನ್ನದಲ್ಲ. ಚುನಾವಣೆ ಬಂದಾಗ ಚಿತ್ರಕ್ಕೆ ಬಟ್ಟೆ ಮುಚ್ಚೋ ಕೆಲಸ ಅವರದೇ ಆಗುತ್ತೆ ನೋಡಿ.

ಹೊಳೆಸಾಲು · 8:03

ವಿಶ್ವೇಶ್ವರಯ್ಯನವರ ಚಿತ್ರ ಮಂಡ್ಯದ ಪ್ರತಿ ಶಾಲೆಯಲ್ಲೂ ಇದೆ, ಪ್ರತಿ ಆಫೀಸಿನಲ್ಲೂ ಇದೆ, ನಮ್ಮ ಸಲೂನಿನಲ್ಲೂ ಇದೆ. ನಿಮ್ಮ ಮಕ್ಕಳಿಗೆ ಅವರು ಗೊತ್ತು. ಅದೇ ಜಾಗಕ್ಕೆ ನಾನು ಬೇರೆ ಹೆಸರು ಹೇಳುತ್ತೇನೆ. ಬೈಬೇಡಿ.

ಲೆಸ್ಲಿ ಕೋಲ್‌ಮನ್. ಕೆನಡಾದವರು. 1908ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಬಂದರು. ಬೆಳೆಗೆ ಬರುವ ಹುಳ, ಬೂಷ್ಟು ಇವೆಲ್ಲ ಅವರ ವಿಷಯ. ಮಲೆನಾಡಿನಲ್ಲಿ ಅಡಿಕೆಗೆ ಕೊಳೆರೋಗ ಬಂದರೆ ಆಗ ಗೊನೆಗೊನೆಯೇ ಉದುರಿಹೋಗುತ್ತಿತ್ತು. ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಯೋದನ್ನು ಇಲ್ಲಿನ ತೋಟದವರಿಗೆ ಕಲಿಸಿದವರು ಅವರು. ಇವತ್ತಿಗೂ ಮಳೆಗಾಲದಲ್ಲಿ ಅದನ್ನೇ ಹೊಡೀತಾರೆ. 1913ರಲ್ಲಿ ಕೃಷಿ ಇಲಾಖೆ ನಿರ್ದೇಶಕರಾದರು. ಇಪ್ಪತ್ತು ವರ್ಷ ಅದೇ ಕುರ್ಚಿ. ನಾಲೆ ನೀರು ಬಂದಾಗ ಮಂಡ್ಯದಲ್ಲಿ ಏನು ಬೆಳೀಬೇಕು, ಕಬ್ಬಾದರೆ ಯಾವ ತಳಿ, ಅರೆಯೋದು ಎಲ್ಲಿ ಅನ್ನೋ ತಲೆನೋವು ಅವರ ಮೇಲೆ ಬಿತ್ತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಶುರುವಾಗಿದ್ದರ ಹಿಂದೆ ಅವರ ಕೈ ಇದೆ.

ಅಣೆಕಟ್ಟೆ ನೀರು ಕೊಡುತ್ತೆ ನಿಜ. ಆ ನೀರನ್ನ ದುಡ್ಡು ಮಾಡಿದ್ದು ಕಬ್ಬು, ಭತ್ತ. ಎರಡು ಸಾಲು ಕೇಳಿದ್ರಲ್ಲ: “ಅಡಿಕೆಗೆ ಔಷಧಿ ಹೊಡೆಯೋದು ಕಲಿಸಿದರು. ಮಂಡ್ಯಕ್ಕೆ ಕಬ್ಬಿನ ದಾರಿ ತೋರಿಸಿದರು.”

ಕಬ್ಬಿನಗದ್ದೆ · 8:15

ಏನ್ ಸಾರ್ ನೀವು! ವಿಶ್ವೇಶ್ವರಯ್ಯನವರನ್ನ ತೆಗೆದು ಬಿಳಿ ದೊರೆಯನ್ನ ಕೂರಿಸ್ತೀರಾ? ನಮ್ಮ ತಾತ ದಿನಾ ದೀಪ ಹಚ್ಚುವಾಗ ಕನ್ನಂಬಾಡಿ ಕಟ್ಟಿಸಿದವರ ಹೆಸರು ಹೇಳ್ತಿದ್ದರು. ಕೋಲ್‌ಮನ್ ಅಂತ ಒಂದು ದಿನವೂ ಅಂದಿದ್ದು ಕೇಳಿಲ್ಲ.

ಅರಮನೆ_ರಸ್ತೆ · 8:21

ಕಟ್ಟಿಸಿದ್ದು ನಾಲ್ವಡಿಯವರು. ಎಂಜಿನಿಯರು ಸಂಬಳಕ್ಕೆ ಕೆಲಸ ಮಾಡಿದವರು. ಈ ಮಾತು ಹೇಳಿದರೆ ನಿಮಗೆಲ್ಲ ಕೋಪ.

ಕಬ್ಬಿನಗದ್ದೆ · 8:22

ಶುರುವಾಯ್ತು.

ಹೊಳೆಸಾಲು · 8:40

ಕೋಪ ಯಾಕೆ, ತಾರೀಕು ನೋಡಿ. ಕೆಲಸ ಶುರುವಾಗಿದ್ದು 1911ರಲ್ಲಿ. ವಿಶ್ವೇಶ್ವರಯ್ಯ ಆಗ ಚೀಫ್ ಎಂಜಿನಿಯರ್, ಮಾರನೇ ವರ್ಷ ದಿವಾನರು. 1918ರಲ್ಲಿ ಅವರು ದಿವಾನಗಿರಿ ಬಿಟ್ಟರು. ಕಟ್ಟೆ ಪೂರ್ತಿಯಾಗಲು 1930ರ ದಶಕವೇ ಬಂತು. ಆ ಮಧ್ಯೆ ಎಷ್ಟು ಎಂಜಿನಿಯರು, ಎಷ್ಟು ಓವರ್‌ಸಿಯರು, ಸುರ್ಕಿ ಗಾರೆ ಕಲಸಿದ ಎಷ್ಟು ಸಾವಿರ ಕೂಲಿಯವರು! ಮುಳುಗಿದ ಊರಿನವರು ಬೇರೆ. ಯೋಜನೆ ಹಾಕಿ, ಹಟ ಹಿಡಿದು ಒಪ್ಪಿಸಿದ ಹಿರಿಮೆ ವಿಶ್ವೇಶ್ವರಯ್ಯನವರದು. ದುಡ್ಡು ಕೊಟ್ಟು ಕೊನೆತನಕ ಬೆನ್ನಿಗೆ ನಿಂತಿದ್ದು ನಾಲ್ವಡಿಯವರು. ಒಬ್ಬರದೇ ಫೋಟೋ ಹಾಕಿ ಮುಗಿಸಿಬಿಡ್ತೀವಲ್ಲ, ನನಗೆ ಬೇಜಾರು ಅದಕ್ಕೆ.

ಮದ್ದೂರ್_ಸ್ಟೇಷನ್ · 8:44

ಚಿತ್ರವೇ ಬೇಡ. ಆ ಚೌಕದಲ್ಲಿ ಕನ್ನಂಬಾಡಿ ಕಟ್ಟೆ ತುಂಬಿದಾಗಿನ ಮಟ್ಟ, ‘124.80 ಅಡಿ’ ಅಂತ ದೊಡ್ಡದಾಗಿ ಬರೆಸಿ. ಮಂಡ್ಯದಲ್ಲಿ ಅದರ ಅರ್ಥ ಗೊತ್ತಿಲ್ಲದ ಮಗು ಇದ್ದರೆ ತೋರಿಸಿ.

ಅಗ್ರಹಾರದ_ಸುಬ್ಬಕ್ಕ · 9:30

ನಲವತ್ತು ಮೆಸೇಜು ಓದಿದೆ, ಇನ್ನೂ ಕಟ್ಟೆ ಮೇಲೇ ಕೂತಿದ್ದೀರಿ. ಒಬ್ಬ ಹೆಂಗಸಿನ ಹೆಸರು ಬಂದಿದೆಯಾ? ಜಯಲಲಿತಾ ಬಂದಿದ್ದು ತಮಾಷೆಗೆ.

ಮೇಷ್ಟ್ರೇ, ತ್ರಿವೇಣಿ. ನಿಮ್ಮ ಮಂಡ್ಯದಲ್ಲೇ ಹುಟ್ಟಿದವರು, 1928ರಲ್ಲಿ. ಅನಸೂಯಾ ಶಂಕರ್ ಅಂದರೆ ಎಷ್ಟೋ ಜನಕ್ಕೆ ಗೊತ್ತಾಗಲ್ಲ. ಬಿ.ಎಂ.ಶ್ರೀ ಮನೆತನದವರು. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಓದಿದರು. ಮೂವತ್ತನಾಲ್ಕನೇ ವಯಸ್ಸಿಗೆ, ಮಗು ಹುಟ್ಟಿ ಕೆಲವೇ ದಿನಕ್ಕೆ ಹೋಗಿಬಿಟ್ಟರು. ಅಷ್ಟರೊಳಗೆ ಇಪ್ಪತ್ತು ಕಾದಂಬರಿ. ಬಾಣಂತನದ ನಂತರ ಹೆಣ್ಣಿನ ಮನಸ್ಸು ಕೆಡಬಹುದು, ಅದು ದೆವ್ವವಲ್ಲ ಕಾಯಿಲೆ, ವಾಸಿಯಾಗುತ್ತೆ, ಆದರೆ ವಾಸಿಯಾಗಿ ಬಂದವಳನ್ನ ಮನೆಯವರು ಒಳಗೆ ಬಿಟ್ಟುಕೊಳ್ಳಲ್ಲ. ಇದನ್ನ ಆ ಕಾಲದಲ್ಲಿ ಬರೆದವರು ಅವರು. ನಮ್ಮ ಚಿಕ್ಕಮ್ಮನಿಗೆ ಹಾಗಾಗಿತ್ತು. ಮನೆಯಲ್ಲಿ ಯಾರೂ ಬಾಯಿ ಬಿಡುತ್ತಿರಲಿಲ್ಲ. ‘ಶರಪಂಜರ’ ಓದಿದ ಮೇಲೆ ನಮ್ಮ ಅಮ್ಮ ಮೊದಲ ಸಲ ಆ ಚಿಕ್ಕಮ್ಮನನ್ನ ನೋಡಲು ಹೋದರು.

ಇನ್ನೊಬ್ಬರು ನಂಜನಗೂಡು ತಿರುಮಲಾಂಬ. 1887ರಲ್ಲಿ ಹುಟ್ಟಿದವರು. ಇನ್ನೂ ಹುಡುಗಿಯಾಗಿದ್ದಾಗಲೇ ಗಂಡ ಹೋದರು. ಮನೆಯಲ್ಲೇ ಕೂತು ಬರೆದರು, ಬರೆದದ್ದನ್ನ ತಾವೇ ಪುಸ್ತಕ ಮಾಡಿದರು, ‘ಸತಿಹಿತೈಷಿಣಿ’ ಅಂತ ಪ್ರಕಟಣೆ ಮಾಲೆ ನಡೆಸಿದರು, ‘ಕರ್ನಾಟಕ ನಂದಿನಿ’ ಅಂತ ಪತ್ರಿಕೆ ತಂದರು. ಹೊಸಗನ್ನಡದ ಮೊದಲ ಮಹಿಳಾ ಕಾದಂಬರಿಕಾರ್ತಿ ಅವರು. ನೂರು ವರ್ಷದ ಹಿಂದೆಯೇ. ಆಮೇಲೆ ಎಲ್ಲರೂ ಮರೆತರು. ಅವರು ಸುಮ್ಮನೆ ತೊಂಬತ್ತೈದು ವರ್ಷ ಬದುಕಿದರು.

ಕನಗಾಲ್_ಕಡೆಯವ · 9:41

ಶರಪಂಜರ ಅಂದ್ರೆ ಕಲ್ಪನಾ ಅಲ್ವಾ!! ಪುಟ್ಟಣ್ಣನವರೂ ನಮ್ಮವರೇ ಸಾರ್, ಪಿರಿಯಾಪಟ್ಟಣ ತಾಲ್ಲೂಕು ಕಣಗಾಲು. ತ್ರಿವೇಣಿಯವರ ‘ಬೆಳ್ಳಿಮೋಡ’ದಿಂದಲೇ ಅವರ ಕನ್ನಡದ ಓಟ ಶುರು, 1967. ಎರಡು ಚೌಕ ಅಕ್ಕಪಕ್ಕ ಹಾಕಿ, ಜೋಡಿ ಚೆನ್ನಾಗಿರುತ್ತೆ.

ಅಗ್ರಹಾರದ_ಸುಬ್ಬಕ್ಕ · 9:46

ಪುಟ್ಟಣ್ಣ ದೊಡ್ಡವರು, ಒಪ್ಪಿದೆ. ಆದರೆ ಬರೆದವಳಿಗೆ ಜಾಗ ಕೇಳಿದರೆ ಮುಂದಿನ ಮೆಸೇಜಿಗೇ ಗಂಡಸಿನ ಹೆಸರು ಬಂತು ನೋಡಿ.

ಕನಗಾಲ್_ಕಡೆಯವ · 9:47

ತಪ್ಪಾಯ್ತು ಅಕ್ಕ 🙏

ಕಾಡಂಚು_ಕೋಟೆ · 10:20

ಎಚ್.ಡಿ. ಕೋಟೆಯಿಂದ ಒಬ್ಬ ಹುಡುಗನ ಹೆಸರು ಹೇಳ್ತೀನಿ. ಸಾಬು.

ಕಾರಾಪುರ, ಕಬಿನಿ ಹತ್ತಿರ. ಈಗ ರೆಸಾರ್ಟುಗಳಿವೆಯಲ್ಲ, ಅಲ್ಲಿ. 1924ರಲ್ಲಿ ಹುಟ್ಟಿದ. ಅಪ್ಪ ಮಹಾರಾಜರ ಆನೆ ಮಾವುತ. ಅಪ್ಪ ಅಮ್ಮ ಇಬ್ಬರೂ ಇಲ್ಲದ ಹುಡುಗ ಆನೆಲಾಯದಲ್ಲಿ ಬೆಳೆಯುತ್ತಿದ್ದ. ಲಂಡನ್ನಿನ ಸಿನಿಮಾದವರು ಚಿತ್ರೀಕರಣಕ್ಕೆ ಮೈಸೂರಿಗೆ ಬಂದರು, ಇವನನ್ನ ನೋಡಿದರು, ಇವನೇ ಹೀರೊ ಅಂದರು. 1937ರಲ್ಲಿ ‘ಎಲಿಫೆಂಟ್ ಬಾಯ್’ ಬಂತು. ಅಲ್ಲಿಂದ ಲಂಡನ್, ಅಲ್ಲಿಂದ ಹಾಲಿವುಡ್. ‘ಥೀಫ್ ಆಫ್ ಬಾಗ್ದಾದ್’, ‘ಜಂಗಲ್ ಬುಕ್’. ಯುದ್ಧ ಬಂದಾಗ ಅಮೆರಿಕದ ವಾಯುಪಡೆ ಸೇರಿ ಬಾಂಬರ್ ವಿಮಾನದ ಬಾಲದಲ್ಲಿ ಕೂತು ಬಂದೂಕು ಹಿಡಿದ, ಪದಕ ತಗೊಂಡ. 39ನೇ ವಯಸ್ಸಿಗೆ ಹೃದಯಾಘಾತ. ಹಾಲಿವುಡ್ ಬೀದಿಯಲ್ಲಿ ಅವನ ಹೆಸರಿನ ನಕ್ಷತ್ರ ಇದೆ. ಕಾರಾಪುರದಲ್ಲಿ ಒಂದು ಬೋರ್ಡೂ ಇಲ್ಲ, ನಾನು ಹುಡುಕಿದ್ದೇನೆ.

ಮಕ್ಕಳು ಎಂಟು ಚಿತ್ರದಲ್ಲಿ ಯಾವುದರ ಮುಂದೆ ನಿಂತುಕೊಳ್ಳುತ್ತಾರೆ ಹೇಳಿ? ಆನೆ ಮೇಲೆ ಕೂತ ಹುಡುಗನ ಮುಂದೆ.

ರೂಲ್ಸ್_ರಂಗ · 10:31

ಕತೆ ಚೆನ್ನಾಗಿದೆ. ಆದರೆ ಸಾಧನೆ ಏನು? ಯಾರೋ ಬಂದು ಆರಿಸಿಕೊಂಡರು. ಅದು ಅದೃಷ್ಟ ಅಲ್ವಾ?

ಕಾಡಂಚು_ಕೋಟೆ · 10:38

ಆರಿಸಿಕೊಂಡಿದ್ದು ಅದೃಷ್ಟ. ಹದಿಮೂರರ ವಯಸ್ಸಿನಲ್ಲಿ ಹೊಸ ಭಾಷೆ ಕಲಿತು, ಅಣ್ಣನೊಬ್ಬನನ್ನ ಬಿಟ್ಟರೆ ಯಾರೂ ತನ್ನವರಿಲ್ಲದ ಊರಿನಲ್ಲಿ ನಿಂತುಕೊಂಡಿದ್ದು? ನನ್ನ ಮಗ ಮೈಸೂರಿನ ಹಾಸ್ಟೆಲಿನಿಂದ ಎರಡೇ ವಾರಕ್ಕೆ ವಾಪಸ್ ಬಂದ.

ರೂಲ್ಸ್_ರಂಗ · 10:40

ಸರಿ, ಒಂದು ವೋಟು ಹಾಕಿಕೊಳ್ಳಿ.

ಒಂಟಿಕೊಪ್ಪಲಿನವ · ಭಾನುವಾರ ಬೆಳಿಗ್ಗೆ 7:15

ರಾತ್ರಿ ಯೋಚನೆ ಮಾಡಿದೆ. ಕುವೆಂಪು ಬೇಕೇ ಬೇಕು. ಅವರ ಜೊತೆಗೆ ನಮ್ಮ ಕಡೆಯ ಇನ್ನೊಬ್ಬರು. ಎಂ.ವಿ. ಗೋಪಾಲಸ್ವಾಮಿ, ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರೊಫೆಸರ್. 1935ರಲ್ಲಿ ಮನೆಯಲ್ಲೇ ಮೂವತ್ತು ವ್ಯಾಟಿನ ಒಂದು ಟ್ರಾನ್ಸ್‌ಮಿಟರ್ ಇಟ್ಟುಕೊಂಡು ರೇಡಿಯೊ ಶುರು ಮಾಡಿದರು. ಹಳೇ ಕಾಲದ ಒಂದು ಚಿಕ್ಕ ಬಲ್ಬಿನಷ್ಟು ಕರೆಂಟು. ಕೈಯಿಂದ ದುಡ್ಡು ಹಾಕಿ ನಡೆಸಿದರು. ಅದಕ್ಕೆ ಇಟ್ಟ ಹೆಸರೇ ಆಕಾಶವಾಣಿ. ಮುಂದೆ ಇಡೀ ದೇಶದ ರೇಡಿಯೊಗೆ ಅದೇ ಹೆಸರು ಬಂತು.

ಅಗ್ರಹಾರದ_ಸುಬ್ಬಕ್ಕ · 7:40

ಹೆಸರು ಸೂಚಿಸಿದ್ದು ನಾ. ಕಸ್ತೂರಿ ಅಂತ ನಮ್ಮ ಮೇಷ್ಟ್ರು ಹೇಳುತ್ತಿದ್ದರು. ಹಾಸ್ಯ ಬರೆಯುತ್ತಿದ್ದರಲ್ಲ, ಅವರೇ.

ಒಂಟಿಕೊಪ್ಪಲಿನವ · 7:44

ಇರಬಹುದು ಮೇಡಂ. ಹೆಸರು ಕಸ್ತೂರಿಯವರದು, ದುಡ್ಡು ಪ್ರೊಫೆಸರದು. ನಮ್ಮಪ್ಪ ಬೆಳಿಗ್ಗೆ ಯಾದವಗಿರಿ ಸ್ಟೇಷನ್ನಿನ ವಾರ್ತೆ ಕೇಳದೆ ಕಾಫಿ ಕುಡಿಯುತ್ತಿರಲಿಲ್ಲ.

ಗ್ರಂಥಲಿಪಿ · 8:30

ಹಾಗಾದರೆ ಆರ್. ಶಾಮಶಾಸ್ತ್ರಿಗಳನ್ನ ಬಿಡಬಾರದು. ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಕೆಲಸ. ತಂಜಾವೂರು ಕಡೆಯ ಪಂಡಿತರೊಬ್ಬರು ತಾಳೆಗರಿಯ ಒಂದು ಕಟ್ಟು ತಂದು ಕೊಟ್ಟಿದ್ದರು. ಎಲ್ಲರ ಹಾಗೆ ಇವರೂ ಅದನ್ನ ಪಟ್ಟಿಗೆ ಸೇರಿಸಿ ಕಪಾಟಿಗೆ ಹಾಕಬಹುದಿತ್ತು. ಕೂತು ಓದಿದರು. ನೋಡಿದರೆ ಕೌಟಿಲ್ಯನ ಅರ್ಥಶಾಸ್ತ್ರ! ಹೆಸರು ಮಾತ್ರ ಉಳಿದು, ಪುಸ್ತಕ ಕಳೆದೇಹೋಯಿತು ಅಂತ ಜಗತ್ತು ಅಂದುಕೊಂಡಿತ್ತು. 1909ರಲ್ಲಿ ಅಚ್ಚು ಹಾಕಿಸಿದರು. ಹಳೇ ಹಿಂದೂಸ್ತಾನದವರಿಗೆ ರಾಜ್ಯ ನಡೆಸೋ ಶಾಸ್ತ್ರ ಗೊತ್ತಿರಲಿಲ್ಲ ಅನ್ನುತ್ತಿದ್ದವರ ಬಾಯಿ ಮುಚ್ಚಿತು.

ಕಬ್ಬಿನಗದ್ದೆ · 8:36

ಮೈಸೂರಿನವರು ಬಂದರೆ ಇದೇ ಕತೆ. ಎಲ್ಲಾ ಪ್ರೊಫೆಸರು, ಪಂಡಿತರು, ಲೈಬ್ರರಿ. ಶಾಲೆ ಇರೋದು ಮಂಡ್ಯ ಜಿಲ್ಲೆಯಲ್ಲಿ ಸ್ವಾಮಿ. ಮಣ್ಣು ಮುಟ್ಟಿದವರು ಒಬ್ಬರೂ ಬೇಡವಾ?

ಒಂಟಿಕೊಪ್ಪಲಿನವ · 8:39

1939ರ ತನಕ ಮಂಡ್ಯ ಮೈಸೂರು ಜಿಲ್ಲೆಯೊಳಗೇ ಇತ್ತು ಅಣ್ಣ. ನಮ್ಮ ಮನೆಯ ತಮ್ಮ ನೀವು.

ಕಬ್ಬಿನಗದ್ದೆ · 8:40

ಪಾಲು ತಗೊಂಡು ಹೊರಗೆ ಬಂದಾಯ್ತು. ಈಗ ಯಾಕೆ ಆ ಮಾತು.

ಕಿಕ್ಕೇರಿ_ಹೈದ · 8:55

ಪಾಲಿನಲ್ಲಿ ಮಲ್ಲಿಗೆ ನಮಗೆ ಬಂದಿದೆ. ‘ಮೈಸೂರ ಮಲ್ಲಿಗೆ’ ಹೆಸರಿನಲ್ಲಿ ಮೈಸೂರು, ಬರೆದ ಕೆ.ಎಸ್. ನರಸಿಂಹಸ್ವಾಮಿ ಹುಟ್ಟಿದ್ದು ನಮ್ಮ ಕಿಕ್ಕೇರಿಯಲ್ಲಿ, 1915. ಪುಸ್ತಕ ಬಂದದ್ದು 1942ರಲ್ಲಿ. ಆಗ ಮಂಡ್ಯ ಜಿಲ್ಲೆಗೆ ಮೂರು ವರ್ಷ ವಯಸ್ಸು. ಹೊಸ ಮದುವೆಯ ಹುಡುಗ ಹುಡುಗಿಯರಿಗೆ ಕಾಣಿಕೆ ಅಂತ ಆ ಪುಸ್ತಕ ಕೊಡುತ್ತಿದ್ದರಂತೆ. ಈಗ ಕೊಡೋದು ಗೋಡೆ ಗಡಿಯಾರ. ಒಂದೇ ಮದುವೆಯಲ್ಲಿ ನನಗೆ ಐದು ಬಂದಿದ್ದವು.

ವಿಸಿ_ಫಾರಂ_ಹಳಬ · 9:20

ಮಣ್ಣು ಮುಟ್ಟಿದವರು ಬೇಕು ಅಂದರಲ್ಲ, ಹೇಳ್ತೀನಿ. ಡಾ. ಎಂ. ಮಹದೇವಪ್ಪ. ಚಾಮರಾಜನಗರ ಕಡೆಯವರು, ಕೆಲಸ ಭತ್ತದ ಮೇಲೆ. ಭತ್ತದ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಒಟ್ಟಿಗೆ ಇರುತ್ತವೆ, ತನಗೆ ತಾನೇ ಕಾಳು ಕಟ್ಟುತ್ತೆ. ಬೇರೆ ತಳಿ ಸೇರಿಸಿ ಹೈಬ್ರಿಡ್ ಮಾಡೋದು ಆಟದ ಮಾತಲ್ಲ. ಪರಾಗ ಇಲ್ಲದ ತಾಯಿ ಸಾಲು ಬೇಕು, ಪಕ್ಕದಲ್ಲಿ ಗಂಡು ಸಾಲು ನೆಡಬೇಕು, ಎರಡೂ ಒಂದೇ ಹೊತ್ತಿಗೆ ಹೂ ಬಿಡಬೇಕು. ಹೂ ಬಿಟ್ಟ ಮೇಲೆ ಬೆಳಿಗ್ಗೆ ಹೊತ್ತು ಹಗ್ಗವನ್ನೋ ಗಳುವನ್ನೋ ಅಡ್ಡ ಹಿಡಿದು ಪೈರು ಅಲ್ಲಾಡಿಸಿಕೊಂಡು ಹೋಗಬೇಕು, ಪರಾಗ ಹಾರಲಿ ಅಂತ. ಆ ಹಗ್ಗ ಎಳೆದವರಲ್ಲಿ ನಾನೂ ಒಬ್ಬ, ದಿನಗೂಲಿ ಮೇಲೆ. ದೇಶದ ಮೊದಮೊದಲ ಹೈಬ್ರಿಡ್ ಭತ್ತಗಳಲ್ಲಿ ಕೆಆರ್‌ಎಚ್-1, ಕೆಆರ್‌ಎಚ್-2 ಹೊರಬಂದಿದ್ದು ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಿಂದ. ಅವರಿಗೆ ಪದ್ಮಭೂಷಣ ಬಂದಿದ್ದು 2005ರಲ್ಲಿ.

ರಾಜಮುಡಿ · 9:34

ಹೈಬ್ರಿಡ್ ಬಂದು ನಮ್ಮ ನಾಟಿ ತಳಿ ಹೋದವು. ಪ್ರತಿ ವರ್ಷ ಅಂಗಡಿಯಿಂದ ಬೀಜ ತರಬೇಕು. ನನ್ನ ವೋಟು ಕಿರುಗಾವಲಿನ ಸೈಯದ್ ಘನಿ ಖಾನ್ ಅವರಿಗೆ. ಮಳವಳ್ಳಿ ತಾಲ್ಲೂಕು. ನೂರಾರು ನಾಟಿ ಭತ್ತ ಪ್ರತಿ ವರ್ಷ ಚಿಕ್ಕ ಚಿಕ್ಕ ಪಾತಿಯಲ್ಲಿ ಬೆಳೆದು ಬೀಜ ಉಳಿಸಿದ್ದಾರೆ. ಹಿರಿಯರ ಕಾಲದ ‘ಬಡಾ ಬಾಗ್’ನಲ್ಲಿ ನೂರಕ್ಕೂ ಜಾಸ್ತಿ ಮಾವಿನ ತಳಿ. ಒಂದು ಮಾವಿಗೆ ಜೀರಿಗೆ ವಾಸನೆ, ಒಂದಕ್ಕೆ ಮೂಸಂಬಿ ರುಚಿ.

ವಿಸಿ_ಫಾರಂ_ಹಳಬ · 9:41

ಘನಿ ಸಾಹೇಬರ ಬಗ್ಗೆ ನನಗೂ ಗೌರವ. ಆದರೆ ನಮ್ಮೂರಲ್ಲಿ ಎಕರೆಗೆ ಎಷ್ಟು ಬರುತ್ತಿತ್ತು, ಆಮೇಲೆ ಎಷ್ಟು ಬಂತು ಅನ್ನೋದು ನಾನು ಕಣ್ಣಾರೆ ಕಂಡಿದ್ದೇನೆ. ಹೊಟ್ಟೆ ತುಂಬಿದ ಮೇಲೆ ರುಚಿ ಮಾತು.

ರಾಜಮುಡಿ · 9:43

ಸಕ್ಕರೆ ಕಾಯಿಲೆ ಬಂದ ಮೇಲೆ ರಾಜಮುಡಿ ಅಕ್ಕಿ ಹುಡುಕಿಕೊಂಡು ಬರುವವರು ಯಾರು ಸಾರ್?

ಮಳವಳ್ಳಿ_ಮಂಜ · 9:50

ಮಳವಳ್ಳಿ ಅಂದ್ರೆ ಕೆರೆ ಕಾಮೇಗೌಡರು! ದಾಸನದೊಡ್ಡಿ. ಕುರಿ ಕಾಯುತ್ತಾ ಬೆಟ್ಟದ ಮೇಲೆ ಕಟ್ಟೆ ತೋಡಿದವರು. ಒಂದಲ್ಲ ಎರಡಲ್ಲ, ಹದಿನಾರು. ಶಾಲೆ ಮೆಟ್ಟಿಲು ಹತ್ತಿದವರಲ್ಲ. ಕುರಿ ಮಾರಿ ಹಾರೆ, ಗುದ್ದಲಿ ತಂದರು. ಕುರಿ, ಹಕ್ಕಿ, ಕಾಡುಪ್ರಾಣಿ ನೀರು ಕುಡಿಯಲಿ ಅಂತ, ಅಷ್ಟೇ. 2020ರಲ್ಲಿ ಪ್ರಧಾನಿ ರೇಡಿಯೊದಲ್ಲಿ ಹೆಸರು ಹೇಳಿದರು. 2022ರಲ್ಲಿ ತೀರಿಕೊಂಡರು. ಇದಕ್ಕೆ ಎರಡು ಸಾಲು ಜಾಸ್ತಿಯಾಯ್ತು. “ಹದಿನಾರು ಕಟ್ಟೆ ತೋಡಿದರು.” ಮುಗೀತು.

ಹೊಳೆಸಾಲು · 9:58

ಇವರಿಗೆ ನನ್ನ ಎರಡೂ ಕೈ. ದೊಡ್ಡ ಕಟ್ಟೆ ಒಂದು, ಚಿಕ್ಕ ಕಟ್ಟೆ ಹದಿನಾರು. ಪಕ್ಕಪಕ್ಕ ಬರೆಸಿ. ಕೋಲ್‌ಮನ್ ಬೇಕಾದರೆ ಬಿಡುತ್ತೇನೆ.

ಕಬ್ಬಿನಗದ್ದೆ · 10:02

ಬಿಡಬೇಡಿ ಸಾರ್. ರಾತ್ರಿ ನಮ್ಮ ದೊಡ್ಡಪ್ಪನನ್ನ ಕೇಳಿದೆ. ‘ಕೋಲ್ಮನ್ ದೊರೆ’ ಅಂತ ಅವರಪ್ಪ ಹೇಳುತ್ತಿದ್ದರಂತೆ. ನಮ್ಮ ತಾತ ಹೇಳಲಿಲ್ಲ ಅಂದರೆ ಇರಲಿಲ್ಲ ಅಂತಲ್ಲ. ಆದರೆ ವಿಶ್ವೇಶ್ವರಯ್ಯ ಇರಲೇಬೇಕು, ಅದರಲ್ಲಿ ರಾಜಿ ಇಲ್ಲ.

ಸೀಟಿ_ಮೇಷ್ಟ್ರು · 10:30

ನಾನು ಪಿ.ಟಿ. ಮೇಷ್ಟ್ರು. ಎಲ್ಲರೂ ಶ್ರೀನಾಥ್ ಅಂತಾರೆ ಅಂತ ಕಾಯುತ್ತಿದ್ದೆ, ಯಾರೂ ಅನ್ನಲಿಲ್ಲ! ಜಾವಗಲ್ ಶ್ರೀನಾಥ್, ಮೈಸೂರಿನ ಎಂಜಿನಿಯರಿಂಗ್ ಹುಡುಗ, ಒಂದು ದಿನದ ಪಂದ್ಯದಲ್ಲಿ 315 ವಿಕೆಟ್, ಟೆಸ್ಟಿನಲ್ಲಿ 236. ಸ್ಪಿನ್ನರುಗಳ ದೇಶದಲ್ಲಿ ಫಾಸ್ಟ್ ಹಾಕಿ ಗೆಲ್ಲಿಸಿದವರು.

ಆದರೆ ನನ್ನ ವೋಟು ಅವರಿಗಲ್ಲ. ಬಿ. ಚೈತ್ರಾ. ತಿ. ನರಸೀಪುರ ತಾಲ್ಲೂಕು ಕುರುಬೂರು. 2025ರ ಜನವರಿಯಲ್ಲಿ ದೆಹಲಿಯಲ್ಲಿ ಖೊಖೊ ಮೊದಲ ವಿಶ್ವಕಪ್ ನಡೆಯಿತು. ಫೈನಲ್ಲಿನಲ್ಲಿ ನಮ್ಮ ಹುಡುಗಿಯರು ನೇಪಾಳವನ್ನ 78–40ರಿಂದ ಸೋಲಿಸಿದರು. ಆ ಪಂದ್ಯದ ಶ್ರೇಷ್ಠ ಆಟಗಾರ್ತಿ ಈಕೆ. ಗಂಡು ಮಕ್ಕಳ ತಂಡವೂ ಗೆದ್ದಿತು, ಅದರಲ್ಲಿ ನಮ್ಮ ಮಂಡ್ಯದ ಎಂ.ಕೆ. ಗೌತಮ್ ಇದ್ದರು. ಸರ್ಕಾರ 5 ಲಕ್ಷ ಅಂದಾಗ ಇಬ್ಬರೂ ಬೇಡ ಅಂದರು. ಮಹಾರಾಷ್ಟ್ರದವರಿಗೆ ಅದರ ಎಷ್ಟೋ ಪಟ್ಟು ಸಿಕ್ಕಿತ್ತು.

ಮೇಷ್ಟ್ರೇ, ನಿಮ್ಮ ಶಾಲೆಯಲ್ಲಿ ಕ್ರಿಕೆಟ್ ಕಿಟ್ ಇದೆಯಾ? ಇರಲ್ಲ. ಎರಡು ಕಂಬ ನೆಟ್ಟರೆ ಖೊಖೊ ಅಂಗಳ ಆಯ್ತು. ಆ ಚಿತ್ರ ಕಂಬದ ಎದುರಿಗೇ ಬರಲಿ.

ಅರಮನೆ_ರಸ್ತೆ · 10:37

ಬದುಕಿರುವವರು ಬೇಡ ಅಂದಿದ್ದರಲ್ಲ?

ಮೇಷ್ಟ್ರು_ನಾಲೆಬಯಲು · 10:39

ಬದುಕಿರುವ *ರಾಜಕಾರಣಿಗಳು* ಬೇಡ ಅಂದಿದ್ದು ಸಾರ್.

ನೇರಮಾತು · 11:05

ಯಾವ ಜಾತಿಯವರು ಎಷ್ಟು ಅಂತ ಯಾರಾದರೂ ಎಣಿಸಿದ್ದೀರಾ?

ಮದ್ದೂರ್_ಸ್ಟೇಷನ್ · 11:06

ಬಂದ್ರಪ್ಪ. ಭಾನುವಾರ ಇನ್ನೂ ಬಾಡೂಟಕ್ಕೆ ಕೂತಿಲ್ಲ.

ಅಗ್ರಹಾರದ_ಸುಬ್ಬಕ್ಕ · 11:14

ಕೇಳಿದ್ದು ತಪ್ಪಲ್ಲ ಬಿಡಿ. ಮೈಸೂರಿನ ಹೆಸರೆಲ್ಲ ಯಾಕೆ ಒಂದೇ ಅಗ್ರಹಾರದಿಂದ ಬರುತ್ತವೆ ಅಂದರೆ, ಆಗ ಓದಲು ಸಿಕ್ಕಿದ್ದು ಅವರಿಗೇ. ಅಗ್ರಹಾರದವಳಾಗಿ ನಾನೇ ಹೇಳುತ್ತಿದ್ದೇನೆ. ಅದಕ್ಕೇ ಚೌಡಯ್ಯನವರ ಹೆಸರು ಸೇರಿಸಿ. ತಿರುಮಕೂಡಲಿನ ಹುಡುಗ, ಬಿಡಾರಂ ಕೃಷ್ಣಪ್ಪನವರ ಹತ್ತಿರ ವರ್ಷಗಟ್ಟಲೆ ಗುರುಕುಲ. ಮೈಕ್ ಇಲ್ಲದ ಕಾಲದಲ್ಲಿ ಪಿಟೀಲು ಹಿಂದಿನ ಸಾಲಿಗೆ ಕೇಳುತ್ತಿರಲಿಲ್ಲ. ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ಸೇರಿಸಿ ಏಳು ಮಾಡಿದರು. ಕೊನೇ ಸಾಲಿನವನಿಗೂ ಕೇಳಿತು.

ನೇರಮಾತು · 11:20

ನಾನು ಜಗಳಕ್ಕೆ ಕೇಳಲಿಲ್ಲ. ಮಕ್ಕಳು ಎಣಿಸ್ತಾರೆ, ಅದಕ್ಕೆ ಕೇಳಿದೆ. ಚೌಡಯ್ಯ, ಕಾಮೇಗೌಡ, ಘನಿ ಖಾನ್, ಸಾಬು, ಚೈತ್ರಾ ಇರೋ ಗೋಡೆ ಆದರೆ ನನ್ನ ಬಾಯಿ ಬಂದ್.

ಟೂರಿಸ್ಟ್_ಗೈಡ್ · 12:10

ಜಗನ್ಮೋಹನ ಅರಮನೆಯಲ್ಲಿ ದೀಪ ಹಿಡಿದ ಹೆಂಗಸಿನ ಚಿತ್ರ ಬರೆದ ರವಿವರ್ಮರನ್ನ ಮರೆತಿರಲ್ಲ!

ಬಣ್ಣದ_ಡಬ್ಬ · 12:16

ಅಣ್ಣಾ, ಅದು ರವಿವರ್ಮರದಲ್ಲ. ಎಸ್.ಎಲ್. ಹಳದಣಕರ್ ಅವರದು, ಸಾವಂತವಾಡಿ ಕಡೆಯವರು. ಎಣ್ಣೆ ಬಣ್ಣವೂ ಅಲ್ಲ, ಜಲವರ್ಣ. ದೀಪ ಹಿಡಿದವರು ಅವರ ಮಗಳು ಗೀತಾ. 102 ವರ್ಷ ಬದುಕಿದ್ದು 2018ರಲ್ಲಿ ತೀರಿಕೊಂಡರು. ನೀವು ಗೈಡ್ ಆಗಿ ದಿನಾ ಹೀಗೇ ಹೇಳುತ್ತೀರಾ?

ಟೂರಿಸ್ಟ್_ಗೈಡ್ · 12:20

ಹದಿನೆಂಟು ವರ್ಷದಿಂದ 🤦

ಮದ್ದೂರ್_ಸ್ಟೇಷನ್ · 12:31

ಊಟದ ಹೊತ್ತಾಯ್ತು. ಮೈಸೂರುಪಾಕ್ ಮಾಡಿದ ಅರಮನೆ ಅಡುಗೆಯವರು ಕಾಕಾಸುರ ಮಾದಪ್ಪ, ಮದ್ದೂರು ವಡೆ ಶುರು ಮಾಡಿದ ರಾಮಚಂದ್ರ ಬುಧ್ಯ. ಇವರಿಗೆ ಚೌಕ ಇಲ್ವಾ? ಈ ಗೋಡೆಯಲ್ಲಿರೋ ಎಲ್ಲರಿಗಿಂತ ಜಾಸ್ತಿ ಜನರನ್ನ ಸಂತೋಷಪಡಿಸಿದವರು ಇವರು.

ರೂಲ್ಸ್_ರಂಗ · 12:35

ವಡೆಗೆ ಎರಡು ಸಾಲು ಏನಂತ ಬರೀತೀರಿ?

ಮದ್ದೂರ್_ಸ್ಟೇಷನ್ · 12:36

“ರೈಲು ನಿಂತಿತ್ತು. ಜನಕ್ಕೆ ಹಸಿವಾಗಿತ್ತು.”

ರೂಲ್ಸ್_ರಂಗ · 12:37

ಛೆ, ಇದು ಎಲ್ಲರಿಗಿಂತ ಚೆನ್ನಾಗಿದೆ.

ಬೆಂಗಳೂರಲ್ಲಿರೋ_ಮಂಡ್ಯದವ · 2:15

ಅಂಬರೀಷಣ್ಣ ಇಲ್ಲದ ಪಟ್ಟಿ ಪಟ್ಟಿನಾ? ದೊಡ್ಡರಸಿನಕೆರೆ!

ಕಬ್ಬಿನಗದ್ದೆ · 2:17

ಅಣ್ಣ ಎಲ್ಲರ ಆಟೋ ಹಿಂದೆ ಇದ್ದಾರೆ. ಗೋಡೆ ಯಾಕೆ?

ಬಣ್ಣದ_ಡಬ್ಬ · 3:40

ಮೇಷ್ಟ್ರೇ, ನಾನು ಗೋಡೆ ಚಿತ್ರ ಬರೆಯೋ ಕೆಲಸದವನು. ಕೆಲವು ಮಾತು. ಕುವೆಂಪು ಸುಲಭ, ಬಿಳಿ ಕೂದಲು ಬರೆದರೆ ಅರ್ಧ ಮುಗೀತು. ವಿಶ್ವೇಶ್ವರಯ್ಯ ಅಂದರೆ ಪೇಟ. ಕಾಮೇಗೌಡರನ್ನ ಮುಖ ಮಾತ್ರ ಬರೆಸಬೇಡಿ, ಹಾರೆ ಹಿಡಿದು ನಿಂತ ಹಾಗೆ ಬರೆಸಿ. ತಿರುಮಲಾಂಬ ಅವರ ಒಳ್ಳೆ ಫೋಟೋ ಮೊದಲು ಹುಡುಕಿಟ್ಟುಕೊಳ್ಳಿ. ಇಲ್ಲದಿದ್ದರೆ ಬರೆಯುವವನು ಯಾರೋ ಅಜ್ಜಿಯ ಮುಖ ಬರೆದುಬಿಡುತ್ತಾನೆ. ನಾನೇ ಒಂದು ಕಡೆ ಆ ತಪ್ಪು ಮಾಡಿದ್ದೇನೆ, ಯಾವ ಊರು ಅಂತ ಕೇಳಬೇಡಿ. ಚೈತ್ರಾ ಓಡುತ್ತಿರುವ ಚಿತ್ರಕ್ಕೆ ಎರಡು ಚೌಕದ ಅಗಲ ಬೇಕು, ಕೈ ಚಾಚಿದ್ದು ಕಾಣಬೇಕಲ್ಲ. ಆನೆ ಮೇಲಿನ ಹುಡುಗನಿಗೆ ಎತ್ತರ ಬೇಕು.

ಮೇಷ್ಟ್ರು_ನಾಲೆಬಯಲು · ಸೋಮವಾರ ರಾತ್ರಿ 8:50

ಇವತ್ತು ಶಾಲೆಯಲ್ಲಿ ಏಳನೇ ಕ್ಲಾಸಿನವರಿಗೆ ನೀವು ಕೊಟ್ಟ ಹೆಸರು, ಎರಡೆರಡು ಸಾಲು ಓದಿ ಹೇಳಿದೆ. ಫೋಟೋ ತೋರಿಸಲಿಲ್ಲ. ಚೀಟಿಯಲ್ಲಿ ಬರೆದು ಹಾಕಿ ಅಂದೆ. ಮೊದಲನೆಯದು ಸಾಬು, ಎರಡನೆಯದು ಕಾಮೇಗೌಡರು, ಮೂರನೆಯದು ಚೈತ್ರಾ. ಮದ್ದೂರು ವಡೆಗೆ ಒಂಬತ್ತು ಚೀಟಿ ಬಿದ್ದಿವೆ, ಅದು ನಾಲ್ಕನೇ ಸ್ಥಾನ. ಆಕಾಶವಾಣಿ ಪ್ರೊಫೆಸರಿಗೆ ಒಂದೇ ಚೀಟಿ. ಹಾಕಿದವನು ಮನೆಯಲ್ಲಿ ಹಳೇ ರೇಡಿಯೊ ಬಿಚ್ಚಿ ಬೈಸಿಕೊಂಡ ಹುಡುಗ.

ಹೆಡ್ಮಾಸ್ಟರ ಜೊತೆ ಕೂತು ಬರೆದ ಪಟ್ಟಿ: ವಿಶ್ವೇಶ್ವರಯ್ಯ (ಕಬ್ಬಿನಗದ್ದೆಯವರು ಇವತ್ತು ನೆಮ್ಮದಿಯಾಗಿ ನಿದ್ದೆ ಮಾಡಲಿ), ಕುವೆಂಪು, ತ್ರಿವೇಣಿ, ಚೌಡಯ್ಯ, ಕಾಮೇಗೌಡ, ಸಾಬು, ಚೈತ್ರಾ. ಏಳಾಯಿತು. ಚೈತ್ರಾ ಚಿತ್ರಕ್ಕೆ ಎರಡು ಚೌಕ, ಎಂಟು ಮುಗಿಯಿತು. ಕೋಲ್‌ಮನ್ ಅವರನ್ನ ಅಡಿಕೆ ಗೊನೆ, ಕಬ್ಬಿನ ಜಲ್ಲೆ ಜೊತೆ ನೀರಿನ ಟ್ಯಾಂಕಿನ ಮೇಲೆ ಬರೆಸೋಣ ಅಂತ ಹೆಡ್ಮಾಸ್ಟರೇ ಹೇಳಿದರು. ತಿರುಮಲಾಂಬ, ಮಹದೇವಪ್ಪ, ಘನಿ ಖಾನ್, ಶಾಮಶಾಸ್ತ್ರಿ, ಗೋಪಾಲಸ್ವಾಮಿ, ಕಿಕ್ಕೇರಿ ಕವಿ ಇವರಿಗೆ ತರಗತಿಯ ಒಳಗೆ ಚಾರ್ಟ್. ಬೇಜಾರಾಗಬೇಡಿ.

ಅಗ್ರಹಾರದ_ಸುಬ್ಬಕ್ಕ · 9:02

ತಿರುಮಲಾಂಬ ಮತ್ತೆ ಚಾರ್ಟಿಗೆ. ಬೇಜಾರಾಯ್ತು, ಸುಳ್ಳು ಹೇಳಲ್ಲ. ಶಾಲೆ ಲೈಬ್ರರಿಗೆ ಅವರ ಬಗ್ಗೆ ಪುಸ್ತಕ ಸಿಕ್ಕರೆ ನಾನೇ ಕಳಿಸುತ್ತೇನೆ, ವಿಳಾಸ ಕೊಡಿ.

ಅರಮನೆ_ರಸ್ತೆ · 9:05

ನಾಲ್ವಡಿಯವರು ಎಲ್ಲಿ?

ಮೇಷ್ಟ್ರು_ನಾಲೆಬಯಲು · 9:07

ಆಫೀಸ್ ರೂಮಿನಲ್ಲಿ, ಹೆಡ್ಮಾಸ್ಟರ್ ಕುರ್ಚಿ ಮೇಲುಗಡೆ. 1980ರಿಂದ ಅಲ್ಲೇ ಇದ್ದಾರೆ ಸಾರ್.

ಬಣ್ಣದ_ಡಬ್ಬ · 9:15

ಎಲ್ಲಾ ಸರಿ. ನಾಲೆ ಪಕ್ಕದ ಗೋಡೆ ಅಂದರಲ್ಲ, ಕೆಳಗಿಂದ ತೇವ ಏರುತ್ತಾ? ಬಿಳಿ ಉಪ್ಪು ಹೂ ಬಿಟ್ಟ ಹಾಗೆ ಕಾಣುತ್ತಾ? ಹೊಸ ಗಾರೆ ಒಣಗಿದೆಯಾ? ಪ್ರೈಮರ್ ಹೊಡೆಸಿದ್ದೀರಾ?

ಮೇಷ್ಟ್ರು_ನಾಲೆಬಯಲು · 9:31

ಪ್ರೈಮರ್ ಅಂದ್ರೆ?

ಬಣ್ಣದ_ಡಬ್ಬ · 9:32

ಫೋನ್ ಮಾಡಿ ಮೇಷ್ಟ್ರೇ. ಈಗಲೇ.